ಅಕ್ಕೋರ ಗಾಡಿಗೆ ಬೋರ್ ಹೊಡೆಸಿದ್ದು

ಹೋದ ತಿಂಗಳು ಸಿಂದಗಿ ಬಸ್ ನಿಲ್ದಾಣದ ಮುಂದೆ ಹಳೆಯ ಟೆಂಪೊ ಒಂದು ನೀಲಿ ಹೊಗೆ ಉಗುಳುತ್ತ ಹಾದುಹೋಯಿತು. ಸುತ್ತಲಿದ್ದವರು ಸೆರಗು, ಟವೆಲ್ಲು, ಕೈಗೆ ಸಿಕ್ಕಿದ್ದರಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಹುಚ್ಚಿಯ ಹಾಗೆ ನಿಂತು ಆ ಸುಟ್ಟ ಎಣ್ಣೆಯ ವಾಸನೆಯನ್ನು ಒಳಗೆಳೆದುಕೊಂಡೆ. ನನ್ನ ಪಾಲಿಗೆ ಅದು ಗಣಿತದ ಅಕ್ಕೋರ ಕಾರಿನ ವಾಸನೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ನಾನೂ ಅಕ್ಕೋರೇ, ಕನ್ನಡ ಕಲಿಸುವವಳು. ಆದರೆ ಆಗಷ್ಟೇ ಕೆಲಸಕ್ಕೆ ಸೇರಿದ್ದ ನನಗೆ ಅವರೊಬ್ಬರೇ ಅಕ್ಕೋರು. ಇಬ್ಬರ ಮನೆಯೂ ಬಸವನ ಬಾಗೇವಾಡಿಯಲ್ಲಿ. ಶಾಲೆ ಮುದ್ದೇಬಿಹಾಳದ ದಾರಿಯ ಒಂದು ಹಳ್ಳಿಯಲ್ಲಿ. ಬಸ್ಸಿಗೆ ಕಾಯುತ್ತಿದ್ದ ನನ್ನ ಮುಂದೆ ಒಂದು ಬೆಳಿಗ್ಗೆ ಕಾರು ನಿಲ್ಲಿಸಿ, "ಹತ್ತು. ಆ ಬಸ್ಸು ನಿನ್ನ ಲಗ್ನಕ್ಕ ಬರತೈತಿ" ಎಂದರು. ಅವತ್ತಿನಿಂದ ಪಕ್ಕದ ಸೀಟು ನನ್ನದಾಯಿತು.

ಕಾರು ಅವರ ಗಂಡ ಕೊಂಡದ್ದು. ಅವರು ತೀರಿಕೊಂಡ ಮೇಲೆ ಅಕ್ಕೋರು ತಾವೇ ಓಡಿಸಲು ಕಲಿತಿದ್ದರು. ಕೊಲ್ಹಾರದಲ್ಲಿದ್ದ ಗಂಡನ ಅಣ್ಣನಿಗೆ, ಅಂದರೆ ಅವರ ಭಾವನಿಗೆ, ಇದು ಸರಿಕಂಡಿರಲಿಲ್ಲ. ಒಬ್ಬಂಟಿ ಹೆಣ್ಣುಮಗಳು ಊರೂರು ಗಾಡಿ ಹೊಡೆದುಕೊಂಡು ತಿರುಗುವುದೇನು ಎಂದು ಬಂದಾಗಲೆಲ್ಲ ಗೊಣಗುವರು. ಕಾರು ಹೊಗೆ ಬಿಡಲು ಶುರುಮಾಡಿದ್ದೇ ತಡ, ಅವರಿಗೊಂದು ನೆವ ಸಿಕ್ಕಿತು.

"ಎಂಜಿನ್ ಮುಗದೈತಿ. ಮಾರಿಬಿಡು" ಎಂದರು.

"ಮುಗದೈತಿ ಅಂತ ಮಿಸ್ತ್ರಿ ಹೇಳ್ಲಿ. ಮರುದಿನಾನ ಕೀಲಿಕೈ ತಂದು ನಿಮ್ಮ ಕೈಯಾಗ ಇಡ್ತೇನಿ" ಎಂದರು ಅಕ್ಕೋರು.

ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ಅವರದಲ್ಲ. ಕಾರು ಉಳಿಯುವುದೋ ಹೋಗುವುದೋ, ಎಲ್ಲವೂ ಮಿಸ್ತ್ರಿಯ ಬಾಯಲ್ಲಿತ್ತು. ನನಗೂ ಸಂಕಟವೇ, ಆ ಸೀಟು ಅಷ್ಟು ರೂಢಿಯಾಗಿತ್ತು.

ಮಿಸ್ತ್ರಿಯ ಗ್ಯಾರೇಜು ಇಂಡಿಯಲ್ಲಿ. ಒಂದು ಭಾನುವಾರ ಇಬ್ಬರೂ ಹೋದೆವು. ಎಂಜಿನ್ನಿನ ತಲೆ ಬಿಚ್ಚಿಟ್ಟಿದ್ದ. ಒಳಗೆ ಪುಟ್ಟ ಬಾವಿಗಳ ಹಾಗೆ ನಾಲ್ಕು ಸಿಲಿಂಡರ್. ಅಕ್ಕೋರು ಬಳೆ ಮೇಲೇರಿಸಿ ಒಂದರೊಳಗೆ ಬೆರಳಾಡಿಸಿದರು, ನನ್ನ ಕೈಯನ್ನೂ ಹಿಡಿದು ಆಡಿಸಿದರು. ಪಿಸ್ಟನ್ ಇಷ್ಟು ವರ್ಷ ಏರಿಳಿದು ಗೋಡೆ ಸವೆದು, ಮೇಲಂಚಿನ ಬಳಿ ಸಣ್ಣ ಮೆಟ್ಟಿಲು ಬೆರಳಿಗೆ ತಾಗುತ್ತಿತ್ತು. ಸವೆದ ಸಂದಿಯಿಂದ ಎಣ್ಣೆ ಮೇಲೇರಿ ಉರಿಯುವುದೇ ಆ ನೀಲಿ ಹೊಗೆ. ಆ ಗೋಡೆಯನ್ನು ಒಂದಿಷ್ಟು ಕೊರೆದು ನಯಮಾಡಿ, ತುಸು ದಪ್ಪ ಪಿಸ್ಟನ್ ಕೂಡಿಸಬೇಕು. ಅದಕ್ಕೇ ಬೋರ್ ಮಾಡಿಸುವುದು ಅನ್ನುತ್ತಾರೆ. ಗಂಡ ಇದ್ದಾಗಲೇ ಎರಡು ಸಲ ಆಗಿತ್ತಂತೆ. ಮಿಸ್ತ್ರಿ ಅಳತೆಯ ಕಡ್ಡಿ ಇಳಿಸಿ ನಾಲ್ಕನ್ನೂ ಒಂದೊಂದಾಗಿ ಅಳೆದ. ಅಕ್ಕೋರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ…

"ಇನ್ನೊಂದು ಸಲ ತಡೀತೈತ್ರಿ ಅಕ್ಕೋರ. ಇದ ಕಡೀದು. ಆಮ್ಯಾಲ ಕೊರ್ಯಾಕ ಗ್ವಾಡಿ ಉಳಿಯೂದಿಲ್ಲ" ಎಂದ. ಅಕ್ಕೋರು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತು ಎಲ್ಲರಿಗೂ ಚಹಾ ತರಿಸಿದರು.

ಆ ಕೆಲಸಕ್ಕೆ ರಜೆ ಬೇಕಿತ್ತು. ಹೆಡ್ ಮಾಸ್ತರರಿಗೆ "ಬೋರ್ ಹೊಡಸೂದೈತ್ರಿ" ಎಂದಷ್ಟೇ ಹೇಳಿ ಹೋದರು. ನಮ್ಮ ಸೀಮೆಯಲ್ಲಿ ಬೋರ್ ಎಂದರೆ ಒಂದೇ, ಕೊಳವೆಬಾವಿ. ರಜೆ ಮುಗಿಸಿ ಬಂದಾಗ ಜವಾನ ಗಂಗಾಪೂಜೆಯ ಪ್ರಸಾದ ಎಲ್ಲಿ ಎಂದು ಕೈಯೊಡ್ಡಿದ. ಹೆಡ್ ಮಾಸ್ತರರು "ಎಷ್ಟು ಫೂಟಿಗೆ ನೀರು ಬಿತ್ರಿ?" ಎಂದು ಅಕ್ಕರೆಯಿಂದ ಕೇಳಿದರು.

"ಅರ್ಧಾ ಎಂ.ಎಂ.ಗೇ ಬಿತ್ರಿ" ಎಂದರು ಅಕ್ಕೋರು, ಮುಖದ ಒಂದು ಗೆರೆಯೂ ಅಲುಗದಂತೆ. ನಾನು ನಗು ತಡೆಯಲಾರದೆ ಹೊರಗೋಡಿದೆ. ಮಾಸ್ತರರು ಎಂ.ಎಂ.ಅನ್ನು ಫೂಟಿಗೆ ಇಳಿಸುತ್ತ ನಿಂತಿದ್ದರು.

ಅದೇ ವಾರ ಹತ್ತನೆಯ ತರಗತಿಗೆ ಸಿಲಿಂಡರಿನ ಘನಫಲದ ಪಾಠ. ಪಕ್ಕದ ಕೋಣೆಯಲ್ಲಿ ನನ್ನ ಪಾಠ ನಿಲ್ಲಿಸಿ ಕೇಳುತ್ತಿದ್ದೆ. ಅವರು ಬಾವಿಯಿಂದಲೇ ಶುರುಮಾಡಿದರು. ದುಂಡನೆಯ ಬಾವಿಯ ಆಳ ಎರಡು ಪಟ್ಟು ಮಾಡಿದರೆ ನೀರೂ ಎರಡು ಪಟ್ಟು ಹಿಡಿಯುತ್ತದೆ, ಅಗಲ ಎರಡು ಪಟ್ಟು ಮಾಡಿದರೆ ನಾಲ್ಕು ಪಟ್ಟು. ಎಂಜಿನ್ನಿನಲ್ಲಿ ಆ ಅಗಲಕ್ಕೆ ಬೋರ್ ಎಂದು ಹೆಸರು, ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರಕ್ಕೆ ಸ್ಟ್ರೋಕ್. ಆ ಅಗಲದ ವೃತ್ತದ ವಿಸ್ತೀರ್ಣವನ್ನು ಸ್ಟ್ರೋಕಿಗೆ ಗುಣಿಸಿ, ನಾಲ್ಕೂ ಸಿಲಿಂಡರಿನದು ಕೂಡಿಸಿದರೆ ಗಾಡಿಯ ಸಿ.ಸಿ. ಒಬ್ಬ ಹುಡುಗಿ ಎದ್ದು, ಹಾಗಾದರೆ ನಿಮ್ಮ ಎಂಜಿನ್ ಈಗ ದೊಡ್ಡದಾಯಿತೇ ಎಂದು ಕೇಳಿದಳು.

"ಆಗೈತಿ. ಒಂದೊಂದು ಸಿಲಿಂಡರಿಗೆ ಚಹಾದ ಚಮಚಾನೂ ತುಂಬೂದಿಲ್ಲ, ಅಷ್ಟ. ಸ್ಟ್ರೋಕ್ ಹೆಚ್ಚ ಮಾಡ್ಬೇಕಂದ್ರ ಒಳಗಿನ ಕ್ರ್ಯಾಂಕ್ ಬದಲಾಗ್ಬೇಕು, ಅದು ನಮ್ಮ ಕೈಯಾಗಿಲ್ಲ. ಅಗಲ ನಮ್ಮ ಕೈಯಾಗೈತಿ, ಗ್ವಾಡಿ ಇರೂತನಕ."

ಪಾಠದ ಮಾತೋ ಅವರ ಸ್ವಂತ ಮಾತೋ… ನಾನಂತೂ ಅವತ್ತು ಮಕ್ಕಳಿಗೆ ಪದ್ಯ ಕಲಿಸಲಿಲ್ಲ.

ಆ ಚಮಚೆಯಷ್ಟು ಅಗಲ ಬಹಳ ವರ್ಷ ಬಂತು. ಹಿಂಗಾರಿ ಜೋಳದ ನಡುವಿನ ದಾರಿ, ದೇವರ ಹಿಪ್ಪರಗಿಯ ಸಂತೆ, ನನ್ನ ಹೆರಿಗೆ, ಎಲ್ಲಕ್ಕೂ ಅದೇ ಕಾರು. ಸಂತೆಯ ತರಕಾರಿ ಹಿಂದಿನ ಸೀಟಿನಲ್ಲಿ, ಹರಟೆ ಮುಂದಿನದರಲ್ಲಿ. ಭಾವನ ಕಣ್ಣಿಗೆ ಪೊರೆ ಬಂದಾಗ ವಿಜಯಪುರದ ಆಸ್ಪತ್ರೆಗೆ ಮತ್ತೆ ಮತ್ತೆ ಕರೆದೊಯ್ದದ್ದೂ ಅಕ್ಕೋರೇ. ಅವರು ಹಿಂದೆ ಕುಳಿತು "ಸಾವಕಾಶ ಹೊಡಿ" ಎನ್ನುತ್ತಿದ್ದರೇ ಹೊರತು, ಮಾರುವ ಮಾತು ಬಿಟ್ಟುಬಿಟ್ಟಿದ್ದರು. ಹಳೆಯ ಪಂಥ ಅವರಿಗೆ ಮರೆತೇ ಹೋಗಿತ್ತೋ ಏನೋ.

ಅಕ್ಕೋರಿಗೆ ಮರೆತಿರಲಿಲ್ಲ. ಅವರ ನಿವೃತ್ತಿಯ ಸುಮಾರಿಗೆ ಮತ್ತೆ ಹೊಗೆ ಕಾಣಿಸಿತು. ಮಿಸ್ತ್ರಿ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. ಒಳಗೆ ಹೊಸ ಕೊಳವೆ ಕೂಡಿಸೋಣವೆಂದರೂ ಆ ಗೋಡೆಗೆ ತ್ರಾಣವಿಲ್ಲ ಎಂದ. ಮರುದಿನವೇ ಅಕ್ಕೋರು ನನ್ನನ್ನು ಕೂಡಿಸಿಕೊಂಡು, ಹೊಗೆ ಬಿಡುತ್ತಲೇ ಕೊಲ್ಹಾರಕ್ಕೆ ಹೋಗಿ, ಭಾವನ ಕೈಯಲ್ಲಿ ಕೀಲಿಕೈ ಇಟ್ಟರು. ಅವರು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು.

"ಇನ್ನೊಮ್ಮಿ ಬೋರ್ ಹೊಡಸಾಕ ಬರೂದಿಲ್ಲೇನು?"

"ಗ್ವಾಡಿ ಉಳದಿಲ್ರಿ" ಎಂದರು ಅಕ್ಕೋರು.

ನಾವು ಬಸ್ಸಿನಲ್ಲಿ ಮರಳಿದೆವು. ಕಿಟಕಿಯ ಪಕ್ಕ ಕುಳಿತ ಅವರು ಬಾಗೇವಾಡಿ ಬರುವವರೆಗೆ ಎದುರಿಗೆ ಬಂದ ಒಂದೊಂದು ಗಾಡಿಯನ್ನೂ ನೋಡುತ್ತಿದ್ದರು. ಮರುವರ್ಷ ಒಂದು ಸಣ್ಣ ಕಾಯಿಲೆ ನೆವವಾಗಿ ಹೊರಟೇಹೋದರು… ಅವರಷ್ಟು ಸಲಿಗೆಯಿಂದ ನನ್ನನ್ನು ಗದರಿಸುವವರು ಆಮೇಲೆ ಯಾರೂ ಸಿಗಲಿಲ್ಲ.

ಸಿಂದಗಿಯಿಂದ ಬಂದ ಮೇಲೆ ತಡೆಯಲಾಗದೆ ಒಂದು ಮಧ್ಯಾಹ್ನ ಕೊಲ್ಹಾರಕ್ಕೆ ಹೋದೆ. ಕಾರು ಅಂಗಳದ ಬೇವಿನ ಕೆಳಗೆ, ತಾಡಪತ್ರಿ ಹೊದ್ದು ನಿಂತಿತ್ತು. ನಾಲ್ಕೂ ಟೈರು ನೆಲ ಕಚ್ಚಿದ್ದವು. ಮಾರಲಿಲ್ಲವೇ ಎಂದು ಕೇಳಿದೆ. ಭಾವ ತಾಡಪತ್ರಿಯ ಮೇಲೆ ಉದುರಿದ್ದ ಬೇವಿನ ಎಲೆ ಕೊಡವಿದರು. ಸೊಸೆ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು.

"ನಾ ಮಾರು ಮಾರು ಅಂತಿದ್ದೆ. ಆಕಿ ಕೇಳಲಿಲ್ಲ" ಎಂದರು. ಆಮೇಲೆ, "ಛಲೋ ಮಾಡಿದ್ಳು" ಎಂದರು.

ಆ ಒಂದು ಮಾತಿಗಾಗಿ ಅಕ್ಕೋರು ಎಷ್ಟು ವರ್ಷ ಕಾದಿದ್ದರೋ. ಈಗ ಅದನ್ನು ಕೇಳಿಸಿಕೊಂಡವಳು ನಾನು.