ನಮ್ಮ ಮನೆಯಲ್ಲಿ ಇಲ್ಲದ ಮಾತು

ಮೊನ್ನೆ ಸಂಜೆ ಮೊಮ್ಮಗಳು ಸಂಡೇ ಸ್ಕೂಲಿಗೆಂದು ಕರ್ತನ ಪ್ರಾರ್ಥನೆಯನ್ನು ಬಾಯಿಪಾಠ ಮಾಡುತ್ತಿದ್ದಳು. ಅವಳ ಗಮನವೆಲ್ಲ ಅಡುಗೆಮನೆಯಲ್ಲಿ ಕರಿಯುತ್ತಿದ್ದ ಬಾಳೆಕಾಯಿ ಚಿಪ್ಸಿನ ಮೇಲೆ. ವಾಸನೆ ಬಂದಾಗೆಲ್ಲ ಪ್ರಾರ್ಥನೆಯ ಒಂದೊಂದು ತುಂಡು ಮಾಯವಾಗುತ್ತಿತ್ತು. ಕೊನೆಗೆ ಕ್ಷಮೆಯ ಮಾತನ್ನು ಪೂರ್ತಿ ನುಂಗಿ, ಆಮೆನ್ ಎಂದು ಎದ್ದೇಬಿಟ್ಟಳು. "ನಿಲ್ಲೇ, ಒಂದು ಮಾತು ಬಿಟ್ಟೆ" ಎಂದು ಗದರಿಸಿದೆ. ಗದರಿಸಿದ ಮೇಲೆ ನನಗೇ ನಗು ಬಂತು. ಅವಳ ವಯಸ್ಸಿನಲ್ಲಿ ಆ ಮಾತು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ.

ನೀವು ನಮ್ಮ ಪೈಕಿಯವರಲ್ಲದಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕು. ಕರ್ತನ ಪ್ರಾರ್ಥನೆ ಎಂಬುದು ಯೇಸುಸ್ವಾಮಿ ತನ್ನ ಶಿಷ್ಯರಿಗೆ ಹೇಳಿಕೊಟ್ಟದ್ದು. ಚಿಕ್ಕದು. ನಮ್ಮಲ್ಲಿ ಮಕ್ಕಳಿಗೆ ಮಾತು ಬರುವುದಕ್ಕೂ ಅದು ಬರುವುದಕ್ಕೂ ಹೆಚ್ಚು ಅಂತರವಿರುವುದಿಲ್ಲ. ಅದರ ನಡುವೆ ಒಂದು ಬೇಡಿಕೆಯಿದೆ: ನಮಗೆ ಕೆಡುಕು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನೀನು ನಮ್ಮನ್ನು ಕ್ಷಮಿಸು ಎಂದು. ಎಲ್ಲರೂ ಹೇಳುತ್ತಾರೆ, ಹೇಳಿ ಮುಂದಕ್ಕೆ ಹೋಗುತ್ತಾರೆ. ನಿಂತು ಯೋಚಿಸಿದವಳೆಂದರೆ ನಾನು ಕಂಡ ಹಾಗೆ ನಮ್ಮ ಅಜ್ಜಿಯೊಬ್ಬಳೇ.

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ಸಾಗರದ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದರು. ಊರಿನಲ್ಲಿ ನಮ್ಮ ಸಭೆಯ, ಎಂದರೆ ನಮ್ಮ ಚರ್ಚಿಗೆ ಸೇರಿದ, ಮನೆಗಳು ಬೆರಳೆಣಿಕೆಯವು. ಶರಾವತಿಗೆ ಕಟ್ಟೆ ಕಟ್ಟುವ ಕೆಲಸ ಶುರುವಾದ ಮೇಲೆ ತಮಿಳರೂ ಮಲಯಾಳಿಗಳೂ ಬಂದು, ನಮ್ಮ ಪುಟ್ಟ ದೇವಾಲಯದಲ್ಲಿ ಕೂರಲು ಜಾಗವಿಲ್ಲದಂತಾಯಿತು. ಒಂದೇ ರಾಗದ ಕೀರ್ತನೆಯನ್ನು ಮೂರು ಭಾಷೆಯವರು ಒಟ್ಟಿಗೆ ಹಾಡುತ್ತಿದ್ದರು. ರಾಗ ಒಂದಾದರೂ ಮುಗಿಸುವ ಹೊತ್ತು ಬೇರೆಬೇರೆ. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಗಟ್ಟಿಯಾಗಿ ಮುಗಿಸುತ್ತಿದ್ದವಳು ನಮ್ಮ ಅಜ್ಜಿ.

ಅಜ್ಜಿಯ ಹೆಸರು ಕರುಣಮ್ಮ. ಅಪ್ಪನ ತಾಯಿ. ಓದುಬರಹ ಬಾರದು, ಆದರೆ ಕೀರ್ತನೆಗಳೆಲ್ಲ ಬಾಯಲ್ಲಿ. ದಿನಾ ಮುಸ್ಸಂಜೆಗೆ ದೀಪ ಹಚ್ಚಿ ಚಾಪೆ ಹಾಸಿದರೆ ಮನೆಪ್ರಾರ್ಥನೆ. ಅಪ್ಪ ಬೈಬಲ್ ಓದುವರು, ಅಮ್ಮ ಒಲೆಯ ಮೇಲಿನ ಅನ್ನಕ್ಕೊಂದು ಕಿವಿ ಕೊಟ್ಟುಕೊಂಡೇ ಕೇಳುವಳು, ಆಮೇಲೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ನಾನು ಅದನ್ನು ಕಲಿತದ್ದು ಅಜ್ಜಿಯ ಮಡಿಲಲ್ಲಿ ಕೂತು, ಅವಳ ತುಟಿ ನೋಡಿಕೊಂಡು. ಕ್ಷಮೆಯ ಮಾತು ಬಂದಾಗ ಅಜ್ಜಿಯ ತುಟಿ ಮುಚ್ಚಿಕೊಳ್ಳುತ್ತಿತ್ತು. ಅದು ದಾಟಿದ ಮೇಲೆ ತೆರೆದುಕೊಳ್ಳುತ್ತಿತ್ತು. ಅದು ಉಸಿರೆಳೆದುಕೊಳ್ಳುವ ಜಾಗ ಎಂದುಕೊಂಡು ನಾನೂ ಅಲ್ಲಿ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತಿದ್ದೆ. ಅಪ್ಪ ಅಮ್ಮ ಅಲ್ಲಿ ಏನೋ ಗೊಣಗುತ್ತಾರೆ ಎಂಬುದು ಗೊತ್ತಿತ್ತು. ದೊಡ್ಡವರು ಗೊಣಗುವುದು ಹೊಸತಲ್ಲವಲ್ಲ. ದೇವಾಲಯದ ಮೂರು ಭಾಷೆಯ ಗದ್ದಲದಲ್ಲಂತೂ ಏನೂ ತಿಳಿಯುತ್ತಿರಲಿಲ್ಲ.

ಅಜ್ಜಿಯ ಮೌನದ ಕಾರಣ ಮನೆಯ ದೊಡ್ಡವರಿಗೆಲ್ಲ ಗೊತ್ತಿತ್ತು. ನನಗೆ ತಿಳಿದದ್ದು ಆಮೇಲೆ.

ಅಜ್ಜ ಹೊಸನಗರ ತಾಲೂಕಿನಲ್ಲಿ ಹೊಳೆಯಾಚೆಯ ಒಂದು ಹಳ್ಳಿಯಲ್ಲಿ ಸ್ಕೂಲು ಮೇಷ್ಟ್ರಾಗಿದ್ದರು. ಆ ಹಳ್ಳಿಗೆಲ್ಲ ಕ್ರೈಸ್ತರ ಮನೆ ಅದೊಂದೇ. ನಾನು ಹುಟ್ಟುವ ಮೊದಲು, ಒಂದು ಆಷಾಢದಲ್ಲಿ, ಅಜ್ಜ ಜ್ವರ ಬಂದು ತೀರಿಕೊಂಡರು. ಆಗ ಸಾಗರದ ಸಭೆಗೆ ಪಾದ್ರಿಗಳಾಗಿದ್ದವರು ಸಮುವೇಲ ಅಯ್ಯನವರು. ಅವರನ್ನು ಕರೆತರಲು ಅಜ್ಜನ ಸ್ನೇಹಿತ ಹಿರಿಯಣ್ಣ ಗೌಡರು ಆಳು ಕಳಿಸಿದರು, ದೋಣಿಯನ್ನು ಈಚೆ ದಡದಲ್ಲಿ ಕಾಯಿಸಿದರು. ಅಯ್ಯನವರು ಬರಲಿಲ್ಲ. ಹೊಳೆ ಏರಿತ್ತು, ದೋಣಿ ಇರಲಿಲ್ಲ ಎಂದು ಆಮೇಲೆ ಹೇಳಿಕಳಿಸಿದರು. ದೋಣಿ ಇತ್ತು. ದೋಣಿಯವನು ಅಂದು ಆ ನೀರಿನಲ್ಲೇ ಹೋಗಿ ಬಂದು ಮಾಡಿದ್ದ. ಅದು ಅಜ್ಜಿಗೆ ಗೊತ್ತಿತ್ತು.

ಕಾದು ಕಾದು, ಗೌಡರೇ ಶಾಲೆಯ ಹಿಂದಿನ ದಿಬ್ಬದಲ್ಲಿ ಗುಂಡಿ ತೆಗೆಸಿದರು. ಮಣ್ಣು ಹಾಕುವ ಮೊದಲು ಅಜ್ಜಿಯ ಕಡೆ ತಿರುಗಿ, "ನಿಮ್ಮಲ್ಲಿ ಎಂತ ಹೇಳ್ತಾರೋ ಅದನ್ನ ನೀವೇ ಹೇಳಿ ಅಮ್ಮ. ಸುಮ್ನೆ ಮಣ್ಣು ಹಾಕಕ್ಕೆ ಮನಸ್ಸು ಬರದಿಲ್ಲ" ಎಂದರಂತೆ. ಅಜ್ಜಿಗೆ ಆ ಹೊತ್ತಿಗೆ ನೆನಪಾದದ್ದು ಕರ್ತನ ಪ್ರಾರ್ಥನೆಯೊಂದೇ. ಮಳೆಯಲ್ಲಿ ನಿಂತು ಹೇಳುತ್ತ ಕ್ಷಮೆಯ ಮಾತಿನವರೆಗೆ ಬಂದಳು. ಅದನ್ನು ಬಿಟ್ಟು ಮುಂದಿನದನ್ನು ಹೇಳಿ ಮುಗಿಸಿದಳು. ಅಂದಿನಿಂದ ಅದು ಬಿಟ್ಟೇ ಹೋಯಿತು.

ಅಪ್ಪ ಒಂದೆರಡು ಸಲ, "ಹೆಸರು ಮಾತ್ರ ಕರುಣಮ್ಮ" ಎಂದು ತಮಾಷೆ ಮಾಡಿದ್ದುಂಟು. ಅಜ್ಜಿ ನಗುತ್ತಿರಲಿಲ್ಲ. "ದೇವರ ಮುಂದೆ ಸುಳ್ಳು ಹೇಳು ಅಂತೀಯಾ? ಮನಸ್ಸಿಗೆ ಬಂದ ದಿನ ಹೇಳ್ತೀನಿ" ಎನ್ನುತ್ತಿದ್ದಳು.

ನನಗೆ ಎಂಟು ವರ್ಷವಿರಬಹುದು, ಹಿರಿಯಣ್ಣ ಗೌಡರು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಕೆಂಪು ರುಮಾಲು, ಕಂಕುಳಲ್ಲಿ ಕೊಡೆ. ಮುಳುಗುವ ಜಮೀನಿನ ಪರಿಹಾರಕ್ಕೆಂದು ಮುಳುಗಡೆಯ ಆಫೀಸಿಗೆ ಬಂದವರು ಹಾಗೇ ಬಂದಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಅಜ್ಜಿಯನ್ನು ನೋಡಿ ಹೇಳಿದರು:

"ಅಮ್ಮಾರೆ, ಈ ಮಳೆಗಾಲಕ್ಕೆ ನಮ್ಮೂರಿಗೆ ನೀರು ಬರ್ತದೆ. ನಾವೆಲ್ಲ ಎದ್ದು ಹೋಗ್ತೀವಿ. ಮೇಷ್ಟ್ರನ್ನ ಎಂತ ಮಾಡನ?"

ಅಜ್ಜಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಎಲುಬುಗಳನ್ನು ತೆಗೆಸಿ ಸಾಗರದ ಸಮಾಧಿ ಜಾಗಕ್ಕೆ ತರಿಸೋಣವೆಂದು ಅಪ್ಪ ಹೇಳಿದರು. ಅಜ್ಜಿ ಬೇಡವೆಂದಳು. "ಮಲಗಿದವರನ್ನ ಎಬ್ಬಿಸಬೇಡ. ನೆಲ ಆದ್ರೂ ಒಂದೇ ನೀರಾದ್ರೂ ಒಂದೇ, ದೇವರು ಕರೆದ ದಿನ ಏಳ್ತಾರೆ. ಆದ್ರೆ ಅವರ ಮೇಲೆ ಒಂದು ಪ್ರಾರ್ಥನೆ ಸರಿಯಾಗಿ ಆಗಿಲ್ಲ ಕಣೋ. ಅಷ್ಟೇ ನಂಗೆ" ಎಂದಳು. ಅದಾದ ಮೇಲೆ ಕೀರ್ತನೆ ಹಾಡುವಾಗಲೂ ಅವಳ ದನಿ ಏಳುತ್ತಿರಲಿಲ್ಲ. ದೇವಾಲಯದಲ್ಲಿ ತಮಿಳರು ಮೊದಲ ಸಲ ನಮಗಿಂತ ಕೊನೆಗೆ ಮುಗಿಸಿದರು.

ಆ ವರ್ಷ ನಮ್ಮ ಸಭೆಗೆ ಪಾದ್ರಿಗಳಿರಲಿಲ್ಲ. ಈಸ್ಟರ್ ಹಬ್ಬದ ಆರಾಧನೆ ನಡೆಸಲು ಯಾರನ್ನು ಕಳಿಸುತ್ತಾರೋ ಎಂದು ಕಾಯುತ್ತಿದ್ದರೆ, ಬಂದವರು ಸಮುವೇಲ ಅಯ್ಯನವರು. ನಿವೃತ್ತರಾಗಿ ಶಿವಮೊಗ್ಗದಲ್ಲಿದ್ದರು. ಅಪ್ಪ ಸಭೆಯ ಹಿರಿಯರಾದ್ದರಿಂದ ಬಂದ ಪಾದ್ರಿಗಳು ನಮ್ಮಲ್ಲೇ ಇಳಿದುಕೊಳ್ಳುವುದು ವಾಡಿಕೆ. ಅಪ್ಪ ಅಜ್ಜಿಯ ಮುಖ ನೋಡಲಾರದೆ ಸುದ್ದಿಯನ್ನು ಅಮ್ಮನ ಬಾಯಿಂದ ಹೇಳಿಸಿದರು. ಅಜ್ಜಿ, "ಬರ್ಲಿ. ಅತಿಥಿಗೆ ಅನ್ನ ಇಲ್ಲ ಅಂದೋರು ಈ ಮನೇಲಿ ಯಾರೂ ಇಲ್ಲ" ಎಂದಳು.

ಅನ್ನಕ್ಕೇನೂ ಕಮ್ಮಿಯಾಗಲಿಲ್ಲ. ಹಂಡೆ ತುಂಬ ಬಿಸಿನೀರು ಕಾಯಿಸಿದಳು, ಕಡುಬು ಮಾಡಿದಳು, ಕೋಳಿಸಾರಿನಲ್ಲಿ ಒಳ್ಳೊಳ್ಳೆಯ ತುಂಡು ಹುಡುಕಿ ಅವರ ತಟ್ಟೆಗೇ ಬಡಿಸಿದಳು. ಮಾತು ಮಾತ್ರ ಒಂದೂ ಇಲ್ಲ. ಅಯ್ಯನವರು ಎತ್ತರದ, ತೆಳ್ಳನೆಯ ಮನುಷ್ಯ. ಕೂತಲ್ಲೂ ಬಾಗಿ ಕೂರುವರು. "ಸಾಕಮ್ಮ, ಸಾಕು" ಎನ್ನುತ್ತಿದ್ದರು. ಅಜ್ಜಿ ಕೇಳಿಸದವಳ ಹಾಗೆ ಇನ್ನೊಂದು ಸೌಟು ಹಾಕುತ್ತಿದ್ದಳು. ಬಡಿಸಿಯೇ ಸೇಡು ತೀರಿಸಿಕೊಳ್ಳಬಹುದೆಂದು ಆ ಹಬ್ಬದಲ್ಲಿ ನಾನು ಕಂಡೆ.

ಹಬ್ಬದ ಸಂಜೆ ಮನೆಪ್ರಾರ್ಥನೆಗೆ ಅಯ್ಯನವರೇ ಕೂತರು. ಕರ್ತನ ಪ್ರಾರ್ಥನೆ ಹೇಳುವಾಗ ನಾನು ಎಂದಿನಂತೆ ನನ್ನ ಜಾಗದಲ್ಲಿ ಸದ್ದು ಮಾಡಿ ಉಸಿರೆಳೆದುಕೊಂಡೆ. ಮುಗಿದ ಮೇಲೆ ಅವರು ನನ್ನನ್ನು ಹತ್ತಿರ ಕರೆದು ನಗುತ್ತ ಕೇಳಿದರು:

"ಎಲ್ಲಿ ಮಗೂ, ನೀನೊಬ್ಬಳೇ ಹೇಳು ನೋಡೋಣ."

ಹೇಳಿದೆ. ಜಾಣತನ ತೋರಿಸುವ ಅವಕಾಶ ಸಿಕ್ಕಿದ್ದಕ್ಕೆ ಕೈಕಟ್ಟಿ ರಾಗವಾಗಿಯೇ ಹೇಳಿದೆ.

"ಚೆನ್ನಾಗಿ ಹೇಳಿದೆ. ಆದ್ರೆ ನಡುವೆ ಒಂದು ಮಾತು ಬಿಟ್ಟೆಯಲ್ಲ?" ಎಂದು ಅವರೇ ಆ ಮಾತನ್ನು ಹೇಳಿ ತೋರಿಸಿದರು.

ನಾನು ಅಜ್ಜಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. "ಇಲ್ಲ ಅಯ್ಯನವರೇ" ಎಂದೆ. "ಆ ಮಾತು ನಮ್ಮ ಮನೇಲಿ ಇಲ್ಲ."

ಅಮ್ಮ ನನ್ನ ರಟ್ಟೆ ಹಿಡಿದೆಳೆದಳು. ಅಯ್ಯನವರ ಮುಖದಲ್ಲಿ ನಗು ಹಾಗೇ ನಿಂತು, ಮೆಲ್ಲಗೆ ಇಳಿದುಹೋಯಿತು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು.

"ಕರುಣಮ್ಮ," ಎಂದರು ಕೊನೆಗೆ, "ಅವತ್ತು ದೋಣಿ ಇತ್ತು."

ಅಜ್ಜಿ ತಲೆಯೆತ್ತಲಿಲ್ಲ.

"ದಡದ ತನಕ ಬಂದಿದ್ದೆ. ದೋಣಿಯವನು ಕೈ ನೀಡಿದ. ಆ ಕೆಂಪು ನೀರು ನೋಡಿದೆ, ಕಾಲು ಏಳಲಿಲ್ಲ. ಸಣ್ಣವನಿದ್ದಾಗ ಹೊಳೆಯಲ್ಲಿ ಮುಳುಗಿ ಬದುಕಿದವನು ನಾನು. ಅದನ್ನ ಹೇಳಿಕೊಳ್ಳೋಕೆ ನಾಚಿಕೆಯಾಗಿ ದೋಣಿ ಇರಲಿಲ್ಲ ಅಂದೆ. ಹೆದರಿದ್ದು ಒಂದು ತಪ್ಪು. ಸುಳ್ಳು ಹೇಳಿದ್ದು ಅದಕ್ಕಿಂತ ದೊಡ್ಡದು."

"ನಂಗೆ ಗೊತ್ತಿತ್ತು" ಎಂದಳು ಅಜ್ಜಿ. ಅದು ಆ ಹಬ್ಬದಲ್ಲಿ ಅವಳು ಅವರಿಗೆ ಆಡಿದ ಮೊದಲ ಮಾತು. "ಹೆದರಿಕೆ ಎಲ್ಲರಿಗೂ ಉಂಟು. ಒಂದು ಸಲ ನೀವೇ ಬಾಯಿಬಿಟ್ಟು ಹೇಳ್ತೀರ ಅಂತ ಕಾದೆ."

ಆಗ ಅಪ್ಪ, ಅಜ್ಜನ ಸಮಾಧಿಗೆ ನೀರು ಬರುವ ವಿಷಯ ತೆಗೆದರು. ಅಯ್ಯನವರು ಪೂರ್ತಿ ಕೇಳಿದರು. ಕನ್ನಡಕ ಹಾಕಿಕೊಂಡು, "ನಾಳೆಯೇ ಹೋಗೋಣ" ಎಂದರು.

ಬೆಳಗಿನ ಬಸ್ಸಿಗೆ ಹೊರಟೆವು: ಅಯ್ಯನವರು, ಅಜ್ಜಿ, ಅಪ್ಪ, ಹಟಮಾಡಿ ಹೊರಟ ನಾನು. ಬಸ್ಸಿಳಿದು ದಡಕ್ಕೆ ಬಂದರೆ ಹೊಳೆ ಹೊಳೆಯ ಹಾಗಿರಲಿಲ್ಲ. ಕಟ್ಟೆ ಆಗಲೇ ಎದ್ದಿದ್ದರಿಂದ ಬೇಸಿಗೆಯಲ್ಲೂ ನೀರು ಹಿಂದಕ್ಕೆ ಒತ್ತಿ, ಅಗಲವಾಗಿ, ಅಲ್ಲಾಡದೆ ನಿಂತಿತ್ತು. ನೀರಿನ ನಡುವೆ ಮರಗಳ ತಲೆಗಳು. ಅಯ್ಯನವರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಅಪ್ಪ, "ಇಲ್ಲಿಂದಲೇ ಪ್ರಾರ್ಥನೆ ಮಾಡಿದ್ರೂ ಆಗ್ತದೆ ಅಯ್ಯನವರೇ" ಎಂದರು. ಅವರು ಕತ್ತು ಅಲ್ಲಾಡಿಸಿ ಬೇಡವೆಂದರು.

ಅಷ್ಟರಲ್ಲಿ ಅಜ್ಜಿ ದೋಣಿ ಹತ್ತಿ ಕೂತಾಗಿತ್ತು. ಅಲ್ಲಿಂದಲೇ ಕೈ ಚಾಚಿದಳು.

"ಬನ್ನಿ. ನೀರು ನೋಡಬೇಡಿ, ಕಣ್ಣೂ ಮುಚ್ಚಬೇಡಿ. ನನ್ನ ನೋಡ್ಕೊಂಡು ಕೂತ್ಕೊಳ್ಳಿ."

ಅವರು ಹತ್ತಿದರು. ದಾಟುವಷ್ಟು ಹೊತ್ತೂ ಒಂದು ಕೈಯಲ್ಲಿ ಬೈಬಲ್ಲು, ಇನ್ನೊಂದು ಕೈಯಲ್ಲಿ ಅಜ್ಜಿಯ ಮಣಿಕಟ್ಟು ಹಿಡಿದು, ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಅಜ್ಜಿಯ ಮುಖವನ್ನು ಅಷ್ಟು ಹೊತ್ತು ಯಾರೂ ನೋಡಿರಲಿಕ್ಕಿಲ್ಲ. ಅವಳಿಗೂ ಎತ್ತ ನೋಡುವುದೆಂದು ತಿಳಿಯದೆ, ನಡುನೀರಿನಲ್ಲಿ, "ಕಡುಬು ಹೇಗಿತ್ತು?" ಎಂದು ಕೇಳಿದಳು. "ಚೆನ್ನಾಗಿತ್ತು. ಸ್ವಲ್ಪ ಹೆಚ್ಚಾಯ್ತು" ಎಂದರು ಅವರು, ಹಲ್ಲು ಕಚ್ಚಿಕೊಂಡು. ದೋಣಿಯವನು ನಕ್ಕುಬಿಟ್ಟ.

ಹಳ್ಳಿ ಅರ್ಧ ಖಾಲಿಯಾಗಿತ್ತು. ಹೆಂಚು ಇಳಿಸಿದ ಮನೆಗಳ ಒಳಗೆ ಬಿಸಿಲು ಬಿದ್ದಿತ್ತು. ಶಾಲೆಯ ಬಾಗಿಲು ಕಿತ್ತಿದ್ದರು. ದಿಬ್ಬದ ಮೇಲೆ ಅಜ್ಜನ ಸಮಾಧಿಯ ಸುತ್ತ ಮಾತ್ರ ಹುಲ್ಲು ಸವರಿ, ನೆಲ ಸಾರಿಸಿಟ್ಟಿತ್ತು. ಗೌಡರ ಮನೆಯವರು ಪ್ರತಿ ವರ್ಷವೂ ಹಾಗೆ ಮಾಡುತ್ತಿದ್ದರಂತೆ. ಅಜ್ಜನ ಹತ್ತಿರ ಕಲಿತವರು ಕೆಲವರು ಬಂದು ನಿಂತರು. ಅಯ್ಯನವರು ಮಣ್ಣು ಮಾಡುವಾಗಿನ ಆರಾಧನೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ನಡೆಸಿದರು. ಅಂದೇ ತೀರಿಕೊಂಡವರಿಗೆ ನಡೆಸುವ ಹಾಗೆ. ಗೌಡರು ರುಮಾಲು ತೆಗೆದು ಕಣ್ಣೊರೆಸಿಕೊಂಡರು. ಕರ್ತನ ಪ್ರಾರ್ಥನೆ ಹೇಳುವಾಗ ನಾನು ಅಜ್ಜಿಯ ತುಟಿಯನ್ನೇ ನೋಡುತ್ತಿದ್ದೆ. ಆ ಜಾಗ ಬಂತು, ತುಟಿ ಮುಚ್ಚಿಕೊಂಡಿತು. ಅವಳ ದನಿ ನಿಂತದ್ದು ಅಯ್ಯನವರಿಗೂ ತಿಳಿದಿರಬೇಕು. ಒಂದು ಹಿಡಿ ಮಣ್ಣು ತೆಗೆದು ಸಮಾಧಿಯ ಮೇಲೆ ಹಾಕಿದರು.

ಹೊಳೆ ದಾಟಿ ಬಂದ ಮೇಲೆ ಅವರು ಅಲ್ಲಿಂದಲೇ ಶಿವಮೊಗ್ಗಕ್ಕೆ ಹೋದರು. ನಾವು ಮನೆಗೆ ಬಂದೆವು. ಮುಸ್ಸಂಜೆ ಚಾಪೆ ಹಾಸಿ ಕೂತೆವು. ಎಂದಿನ ಪ್ರಾರ್ಥನೆ. ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಅಜ್ಜಿಯ ದನಿ ಕೇಳಿತು. ಅಭ್ಯಾಸ ತಪ್ಪಿದ್ದರಿಂದ ಅಪ್ಪ ಅಮ್ಮನಿಗಿಂತ ಒಂದೊಂದು ಪದ ಹಿಂದಾಗಿ, ತಡವರಿಸಿಕೊಂಡು, ಕ್ಷಮೆಯ ಮಾತನ್ನು ಪೂರ್ತಿ ಹೇಳಿದಳು. ಅಪ್ಪ ಅಮ್ಮ ತಮ್ಮದನ್ನು ಮುಗಿಸಿ, ಅವಳು ಬಂದು ಸೇರುವ ತನಕ ಕಾದರು. ಅಮ್ಮ ಅಳುತ್ತಿದ್ದಳು.

ಆಮೇಲೆ ಅಪ್ಪ ಕೇಳಿದರು, ಅಲ್ಲಿ ಅವರ ಮುಂದೆಯೇ ಯಾಕೆ ಹೇಳಲಿಲ್ಲವೆಂದು.

"ಅಲ್ಲಿ ಹೇಳಿದ್ರೆ ಅವರಿಗೆ ಕೇಳಿಸಲಿ ಅಂತ ಹೇಳಿದ ಹಾಗಾಗ್ತಿತ್ತು" ಎಂದಳು ಅಜ್ಜಿ. "ಏಳಿ, ಅನ್ನ ಆರ್ತದೆ."

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಜ್ಜಿ ಹೋದಳು. ಅದೂ ಆಷಾಢವೇ. ರಸ್ತೆಗೆ ಮರ ಬಿದ್ದು ಬಸ್ಸುಗಳು ನಿಂತಿದ್ದವು. ಸುದ್ದಿ ಮುಟ್ಟಿದರೂ ಯಾರೂ ಬರಲಾರರು ಎಂದುಕೊಂಡೆವು. ಬೆಳಿಗ್ಗೆಯ ರೈಲಿಗೆ, ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿ, ಕೋಲೂರಿಕೊಂಡು ಸಮುವೇಲ ಅಯ್ಯನವರು ಬಂದರು. ಕಣ್ಣು ಮಂಜಾಗಿತ್ತು. ಹೊಸಿಲಲ್ಲಿ ನಿಂತು, "ಹೊತ್ತಿಗೆ ಸರಿಯಾಗಿ ಬಂದೆನಾ?" ಎಂದು ಕೇಳಿದರು. ಅಪ್ಪ ಅವರ ಕೈಹಿಡಿದು ಒಳಗೆ ಕರೆದೊಯ್ದರು.

ಇವರೆಲ್ಲ ಈಗಿಲ್ಲ. ಅಜ್ಜನ ಮೇಲೆ ನೀರು ನಿಂತು ಕಾಲವಾಯಿತು. ನಾನು ಇನ್ನೂ ಸಾಗರದಲ್ಲೇ ಇದ್ದೇನೆ, ಮಂಡಿನೋವಿನ ಮುದುಕಿಯಾಗಿ. ಇವತ್ತು ಬೆಳಿಗ್ಗೆ ಆನಂದಪುರದಿಂದ ಫೋನು ಬಂತು, ನಮ್ಮ ಸಭೆಯ ಹಳಬರೊಬ್ಬರು ತೀರಿಕೊಂಡರೆಂದು. ಅಂಥ ಹತ್ತಿರದವರೇನಲ್ಲ. ಹೊರಗೆ ಮಳೆ ಹೊಡೆಯುತ್ತಿದೆ, ಫೋನಲ್ಲಿ ಮಾತಾಡಿದರೆ ಸಾಲದೇ ಎಂದು ಮಗ ಎರಡು ಸಲ ಕೇಳಿದ. ಆಟೋದವನಿಗೆ ಹೇಳಿಯಾಗಿದೆ. ಅವನು ಬರುವುದರೊಳಗೆ ಸೀರೆ ಬದಲಾಯಿಸಬೇಕು.