ಇಳಿಯದ ಹಾಯಿ

ಬಂದರಿನ ಹಿಂದಿನ ಬೀದಿಯಲ್ಲಿ ಮಾದರಿ ಹಡಗುಗಳನ್ನು ಮಾಡುವ ಕಾರ್ಯಾಗಾರವೊಂದಿತ್ತು. ಅಲ್ಲಿ ಬಡಗಿ ಮರ ಕೆತ್ತಿ ಮೊಳದುದ್ದದ ದೋಣಿಯ ಒಡಲು ಮಾಡುತ್ತಿದ್ದ, ಬಣ್ಣದವನು ಬಣ್ಣ ಬಳಿಯುತ್ತಿದ್ದ, ಆಮೇಲೆ ಅದು ಕಿಟಕಿ ಪಕ್ಕದ ಮೇಜಿಗೆ ಬರುತ್ತಿತ್ತು. ಆ ಮೇಜು ಹಾಯಕ್ಕನದು. ಕಂಬ ನಿಲ್ಲಿಸಿ ಹಗ್ಗ ಬಿಗಿಯುವುದು, ಹಾಯಿ ಕತ್ತರಿಸಿ ಹೊಲಿದು ಕಟ್ಟುವುದು, ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಹುಟ್ಟಿದಾಗ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಇತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ಬೀದಿಗೆಲ್ಲ ಅವಳು ಹಾಯಕ್ಕ.

ಕೆಲಸದಲ್ಲಿ ಅವಳದು ಮಹಾ ಹಟ. ಹೊಸ ಬಟ್ಟೆ ಬೇಡವೇ ಬೇಡ, ಅದು ಹಪ್ಪಳದ ಹಾಗೆ ನಿಂತುಬಿಡುತ್ತದೆ ಎನ್ನುವಳು. ನೂರು ಸಲ ಒಗೆದು ಮೆತ್ತಗಾದ ಹಳೆಯ ದಿಂಬಿನ ಚೀಲವೇ ಆಗಬೇಕು. ಅದನ್ನು ತಿಳಿಯಾದ ಚಹಾದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿದರೆ ಬಿಸಿಲು ಉಪ್ಪು ತಿಂದ ಹಾಯಿಯ ಬಣ್ಣ ಬರುತ್ತಿತ್ತು. ಕತ್ತರಿಸುವಾಗ ಬಟ್ಟೆಯ ಉದ್ದನೆಯ ಎಳೆ ಹಾಯಿಯ ಹಿಂದಿನ ಅಂಚಿಗೆ ಸರಿಯಾಗಿ ಕೂರಬೇಕು, ಇಲ್ಲವಾದರೆ ನಾಲ್ಕು ದಿನಕ್ಕೆ ಅಂಚು ಜೋಲುತ್ತದೆ. ದಾರವನ್ನು ಜೇನುಮೇಣದ ಮೇಲೆ ಮೂರು ಸಲ ಎಳೆದು, ಅದರ ಜುಂಗು ಅಡಗಿದ ಮೇಲೆಯೇ ಸೂಜಿಗೆ ಪೋಣಿಸುವುದು. ಕಂಬದ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಮಣಿಯೊಂದು ರಾಟೆಯಾಗುತ್ತಿತ್ತು. ಹಾಯಿಯನ್ನು ಏರಿಸುವ ಹಗ್ಗ ಆ ಮಣಿಯ ಮೂಲಕ ಹಾದು ಕೆಳಗಿಳಿದು, ಬುಡದ ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿಕೊಳ್ಳುತ್ತಿತ್ತು. ಸುತ್ತು ಬಿಚ್ಚಿದರೆ ಹಾಯಿ ಜರ್ರನೆ ಇಳಿಯಬೇಕು, ಎಳೆದರೆ ಏರಬೇಕು. ಇಳಿಯದಿದ್ದರೆ ಬಿಚ್ಚಿ ಮತ್ತೆ ಮೊದಲಿನಿಂದ.

"ಗಾಜಿನ ಪೆಟ್ಟಿಗೇಲಿ ಕೂರೋ ದೋಣಿಗೆ ಇದೆಲ್ಲ ಯಾಕಮ್ಮ? ಎರಡು ಹನಿ ಅಂಟು ಹಾಕಿದ್ರೆ ಮುಗೀತು," ಎಂದು ಯಜಮಾನ ಆಗಾಗ ಗೊಣಗುವನು.

"ಅಂಟು ಹಾಕೋದಾದ್ರೆ ನೀವೇ ಕೂತು ಹಾಕಿ. ನಾನು ಎದ್ದು ಹೋಗ್ತೀನಿ," ಎಂದರೆ ಅವನ ಬಾಯಿ ಬಂದ್.

ಅವಳ ಹಟಕ್ಕೆ ಕಾರಣವಿತ್ತು. ಅವಳ ಗಂಡನೂ ಅಣ್ಣನೂ ಒಂದೇ ಸರಕಿನ ಹಾಯಿಹಡಗಿನಲ್ಲಿ ಕೆಲಸಕ್ಕಿದ್ದರು. ಎರಡು ಕಂಬದ ಹಡಗು. ಮದುವೆಯಾದ ಮೂರನೆಯ ವರ್ಷ, ಬಿರುಗಾಳಿ ಎದ್ದ ಒಂದು ಮಧ್ಯಾಹ್ನ, ದೊಡ್ಡ ಹಾಯಿಯ ಹಗ್ಗ ನೆನೆದು ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಂಡಿತು. ಹಾಯಿ ಇಳಿಯಲೊಲ್ಲದು, ಹಡಗು ಮಗ್ಗುಲಾಗುತ್ತಿದೆ. ಅವಳ ಗಂಡ ಬಾಯಲ್ಲಿ ಚಾಕು ಕಚ್ಚಿಕೊಂಡು ಹಗ್ಗ ಕೊಯ್ಯಲು ಕಂಬ ಹತ್ತಿದ. ಕೊಯ್ದ ಕೂಡ. ಹಾಯಿ ಇಳಿಯಿತು, ಹಡಗು ಉಳಿಯಿತು. ಆದರೆ ಆ ಹೊಡೆತಕ್ಕೆ ಅವನ ಕೈ ಜಾರಿತು, ಕಡಲಿಗೆ ಬಿದ್ದವನು ಸಿಗಲಿಲ್ಲ. ಆ ಸುದ್ದಿಯನ್ನು ಮನೆಗೆ ತಂದವನು ಅಣ್ಣ. ಆಮೇಲೆ ಅಣ್ಣನೇ ಅವಳಿಗೆ ಗಂಟುಗಳನ್ನೆಲ್ಲ ಕಲಿಸಿದ, ಈ ಕೆಲಸಕ್ಕೆ ಸೇರಿಸಿದ. ಈಗ ಅಣ್ಣನ ಎರಡೂ ಕಣ್ಣು ಹೋಗಿ ಆರು ವರ್ಷ. ಅಣ್ಣ ತಂಗಿ ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಗದರಿಕೊಂಡು ಇದ್ದರು.

ಬಂದರಿನ ಹಡಗು ಕಂಪನಿಯೊಂದಕ್ಕೆ ಅರವತ್ತು ತುಂಬಿದ ವರ್ಷ, ತಮ್ಮ ಮೊದಲ ಹಡಗಿನ ಮಾದರಿ ಬೇಕೆಂದು ಅವರು ಕಾರ್ಯಾಗಾರಕ್ಕೆ ಹೇಳಿಕಳಿಸಿದರು. ಪ್ರಯಾಣಿಕರು ಕಾಯುವ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಕ್ಕಂತೆ. ಹಳೆಯ ಫೋಟೋ ನೋಡಿದ ಕೂಡಲೇ ಹಾಯಕ್ಕನಿಗೆ ಗುರುತು ಸಿಕ್ಕಿತು. ಅದೇ ಹಡಗು. ಯಜಮಾನನಿಗೆ ಅವಳು ಏನೂ ಹೇಳಲಿಲ್ಲ. ನಾಲ್ಕು ತಿಂಗಳು ಕೂತು ಕಟ್ಟಿದಳು. ಭಾನುವಾರಗಳಲ್ಲಿ ಅಣ್ಣನನ್ನು ಕರೆತಂದು ಮೇಜಿನ ಮುಂದೆ ಕೂರಿಸಿದರೆ, ಅವನು ಬೆರಳ ತುದಿಯಿಂದಲೇ ಹಗ್ಗಗಳನ್ನು ಓದುವನು.

"ಇದು ಇಲ್ಲಲ್ಲ ಕಣೇ, ಎಡಗಡೆ ಎರಡನೇ ಗೂಟ. ಹಾಯಿ ಇಳಿಸೋವಾಗ ನಾನು ನಿಂತ್ಕೋತಿದ್ದ ಜಾಗ ನನಗೆ ಮರೆಯುತ್ತಾ?"

"ಫೋಟೋದಲ್ಲಿ ಬಲಗಡೆ ಇದೆ."

"ಫೋಟೋದವನು ಹಡಗಲ್ಲಿ ಇದ್ನಾ, ನಾನಿದ್ನಾ?"

ಅವಳು ಬಿಚ್ಚಿ ಎಡಕ್ಕೆ ಕಟ್ಟಿದಳು. ಕೊನೆಯ ಭಾನುವಾರ ಅಣ್ಣ ಸುತ್ತು ಬಿಚ್ಚಿದ. ಹಾಯಿ ಸರ್ರನೆ ಇಳಿದು ಅವನ ಕೈಮೇಲೆ ಕೂತಿತು. ಅವನು ಸುಮಾರು ಹೊತ್ತು ಕೈ ತೆಗೆಯಲೇ ಇಲ್ಲ.

ಮಾದರಿ ಹಡಗು ಕಂಪನಿಗೆ ಹೋಗಿ ಹದಿನೈದು ದಿನವಾದ ಮೇಲೆ, ಸಮಾರಂಭದ ಗದ್ದಲವೆಲ್ಲ ಮುಗಿದಿರುತ್ತದೆಂದು ಇಬ್ಬರೂ ಹಾಲ್‌ಗೆ ಹೋದರು. ಅವರನ್ನು ಸಮಾರಂಭಕ್ಕೆ ಯಾರೂ ಕರೆದಿರಲಿಲ್ಲ, ಅದು ಬೇರೆ ಮಾತು. ಸಾಲು ಬೆಂಚುಗಳ ನಡುವೆ ಗಾಜಿನ ಪೆಟ್ಟಿಗೆ ಮಿರಮಿರ ಮಿಂಚುತ್ತಿತ್ತು. ಹಾಯಕ್ಕ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಹೇಗಿದೆ? ಹೇಳೇ," ಎಂದ ಅಣ್ಣ.

ಚಹಾದ ಬಣ್ಣದ ಹಾಯಿಗಳಿಗೆ ಯಾರೋ ಬಿಳಿ ಬಣ್ಣ ಬಳಿದು, ಇಸ್ತ್ರಿ ಹೊಡೆದಿದ್ದರು. ಅವು ತಟ್ಟೆಯ ಹಾಗೆ ಸೆಟೆದು ನಿಂತಿದ್ದವು. ಸಡಿಲವಾಗಿ ತೂಗಬೇಕಾದ ಹಗ್ಗಗಳನ್ನು ಕತ್ತರಿಸಿ, ಕಂಬಕ್ಕೇ ಅಂಟಿಸಿದ್ದರು. ದೊಡ್ಡ ಹಾಯಿಯ ಹಗ್ಗ ಮಣಿಯವರೆಗೂ ಹೋಗಿರಲಿಲ್ಲ. ಅರ್ಧಕ್ಕೆ ಒಂದು ಹನಿ ಅಂಟಿನಲ್ಲಿ ಮುಗಿದಿತ್ತು. ಎಡಗಡೆಯ ಎರಡನೆಯ ಗೂಟ ಬೋಳಾಗಿತ್ತು. ಸಾಲದ್ದಕ್ಕೆ ಹಿಂದಿನಿಂದ ಬರುವ ಗಾಳಿಗೆ ತಿರುಗಿಸಿದ ಹಾಯಿಗಳ ಮೇಲೆ ಬಾವುಟ ಹಿಮ್ಮುಖವಾಗಿ ಹಾರುತ್ತಿತ್ತು, ಒಂದೇ ಕಂಬದ ಮೇಲೆ ಎರಡು ಗಾಳಿ ಬೀಸುತ್ತಿರುವ ಹಾಗೆ.

"ಅಂಟು ಹಾಕಿದಾರಣ್ಣ," ಎಂದಳು. "ಎಲ್ಲಾ ಗಂಟು ಕತ್ತರಿಸಿ ಅಂಟು ಹಾಕಿದಾರೆ."

ಅಣ್ಣ ಗಾಜಿನ ಮೇಲೆ ಕೈಯಿಟ್ಟ. "ಇಳಿಯಲ್ವಾ ಹಾಗಾದ್ರೆ?"

"ಇಳಿಯಲ್ಲ."

ಅವನು ಬೆಂಚಿನ ಮೇಲೆ ಕುಳಿತುಬಿಟ್ಟ. ಹಾಯಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಅವಳು ನೆಟ್ಟಗೆ ಮೆಟ್ಟಿಲು ಹತ್ತಿ ಮ್ಯಾನೇಜರನ ಕೋಣೆಗೆ ನುಗ್ಗಿದಳು.

ಮ್ಯಾನೇಜರ್ ಒಳ್ಳೆಯ ಮಾತಿನವನು, ಅದೇ ತೊಂದರೆ. "ಕೂತ್ಕೊಳ್ಳಿ ಅಮ್ಮ. ನಮ್ಮ ಒಳಾಂಗಣ ಅಲಂಕಾರದ ಹುಡುಗಿ ಸ್ವಲ್ಪ ಫಿನಿಶಿಂಗ್ ಕೊಟ್ಟಳು ಅಷ್ಟೇ. ಹಾಯಿ ಮಾಸಿದ ಹಾಗೆ, ಸುಕ್ಕುಸುಕ್ಕಾಗಿ ಕಾಣ್ತಿತ್ತು. ನೋಡೋರಿಗೆ ಚೆಂದ ಇರಬೇಕಲ್ಲ."

"ಅದು ಮಾಸಿದ್ದಲ್ಲ ಸ್ವಾಮಿ, ಹಾಗೆ ಮಾಡೋಕೆ ನನಗೆ ಹನ್ನೊಂದು ದಿನ ಹಿಡೀತು. ನೀವು ಹಗ್ಗ ಯಾಕೆ ಕತ್ತರಿಸಿದ್ರಿ?"

"ಜೋಲಾಡ್ತಿತ್ತು."

"ಹಗ್ಗ ಜೋಲಾಡದೆ ಕಬ್ಬಿಣದ ಸಲಾಕೆ ಜೋಲಾಡುತ್ತಾ?"

ಅವನು ನಕ್ಕ. "ಇಷ್ಟು ದಿನದಲ್ಲಿ ಸಾವಿರಾರು ಜನ ನೋಡಿದಾರೆ, ಒಬ್ಬರೂ ಏನೂ ಅಂದಿಲ್ಲ. ಅಲ್ಲದೆ ನಾವು ಕೇಳದೆ ಮಾಡಿಲ್ಲ. ನಿಮ್ಮ ಯಜಮಾನರಿಗೆ ಫೋನ್ ಮಾಡಿ ಕೇಳಿದ್ವಿ. ಧಾರಾಳವಾಗಿ ಅಂಟಿಸಿ ಅಂದ್ರು."

ಹಾಯಕ್ಕ ಕೆಳಗಿಳಿದು, ಅಣ್ಣನ ಕೈಹಿಡಿದು, ನೇರವಾಗಿ ಕಾರ್ಯಾಗಾರಕ್ಕೆ ಬಂದಳು. ಯಜಮಾನ ಫೋನಿನಲ್ಲಿ ಯಾರೊಂದಿಗೋ ಹರಟುತ್ತಿದ್ದ.

"ಅಂಟಿಸಿ ಅಂದ್ರಂತೆ?"

ಅವನು ಫೋನು ಕೆಳಗಿಟ್ಟು ತಲೆ ಕೆರೆದುಕೊಂಡ. "ದೊಡ್ಡ ಕಂಪನಿ ಕಣಮ್ಮ. ನಾಳೆ ಮತ್ತೆ ಕೆಲಸ ಕೊಡೋರು. ಇಲ್ಲ ಅನ್ನೋಕಾಗುತ್ತಾ?"

"ನನ್ನನ್ನ ಒಂದು ಮಾತು ಕೇಳೋಕಾಗ್ತಿರಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು, ಅಂತಿದ್ದೆ! ಬೇಡ ಅಂತೀನಿ ಅಂತ ಗೊತ್ತಿದ್ದೇ ಬೆನ್ನ ಹಿಂದೆ ಹೂಂ ಅಂದ್ರಿ." ಅವಳು ತನ್ನ ಚಿಮಟ, ಸೂಜಿಡಬ್ಬಿ, ಜೇನುಮೇಣದ ಉಂಡೆ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಬಡಗಿ ಉಳಿ ಹಿಡಿದವನು ಹಿಡಿದಂತೆಯೇ ನಿಂತ. ಬಣ್ಣದವನು ಏನೋ ಸಮಾಧಾನ ಹೇಳಲು ಬಂದು, ಅವಳ ಮುಖ ನೋಡಿ ತನ್ನ ಬಣ್ಣದ ಡಬ್ಬಿಗಳ ಕಡೆಗೆ ವಾಪಸಾದ. ಆ ಕಿಟಕಿ ಪಕ್ಕದ ಮೇಜಿಗೆ ಅವಳು ಮತ್ತೆ ಬರಲಿಲ್ಲ.

ಮರುದಿನದಿಂದ ಅವಳ ಕೆಲಸ ಒಂದೇ. ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಮ್ಯಾನೇಜರನ ಬಾಗಿಲ ಮುಂದೆ ಹಾಜರು. "ನನ್ನ ಹಾಯಿ ನನಗೆ ಸರಿಮಾಡೋಕೆ ಬಿಡಿ" ಎನ್ನುವುದು ಅವಳ ಏಕೈಕ ಬೇಡಿಕೆ. ಮೊದಲ ದಿನ ಮೀಟಿಂಗ್ ಎಂದರು. ಎರಡನೆಯ ದಿನ ಅರ್ಜಿ ಕೊಡಿ ಎಂದರು. ಅವಳು ಕೊಟ್ಟಳು. ಮೂರನೆಯ ದಿನ ಅರ್ಜಿ ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದರು. ನಾಲ್ಕನೆಯ ದಿನ ಕಾವಲುಗಾರ ಅವಳನ್ನು ದೂರದಿಂದ ಕಂಡೇ, "ಬಂದ್ರು" ಎಂದು ಒಳಗೆ ಸುದ್ದಿ ಮುಟ್ಟಿಸಿದ.

ಐದನೆಯ ದಿನ ಅಣ್ಣನೂ ಜೊತೆಗೆ ಬಂದ. ಮ್ಯಾನೇಜರ್ ಅದೇ ಮಾತು ಶುರು ಮಾಡಿದ. ಒಂದು ಬೊಂಬೆಗೋಸ್ಕರ ಇಷ್ಟು ರಂಪ ಯಾಕೆ ಎಂದ. ಅಣ್ಣನಿಗೆ ತಡೆಯಲಾಗಲಿಲ್ಲ.

"ಬೊಂಬೆ ಅನ್ನಬೇಡಿ. ಆ ಹಡಗಿನ ಹಾಯಿ ಇಳೀಲಿಲ್ಲ ಅಂತಾನೇ ಇವಳ ಗಂಡ ಸತ್ತಿದ್ದು."

ಮ್ಯಾನೇಜರನ ಮುಖ ತಟಕ್ಕನೆ ಬದಲಾಯಿತು. ಎದ್ದು ನಿಂತ, ಕುರ್ಚಿ ಎಳೆದು ಕೊಟ್ಟ, ನೀರು ತರಿಸಿದ. "ಛೆ, ಮೊದಲೇ ಹೇಳಬಾರದಿತ್ತಾ ಅಮ್ಮ? ನಮಗೇನು ಗೊತ್ತು? ಪಾಪ. ನಿಮ್ಮ ಸಮಾಧಾನಕ್ಕೆ ಏನು ಬೇಕಾದ್ರೂ ಮಾಡೋಣ. ಪಕ್ಕದಲ್ಲಿ ಅವರದೊಂದು ಫೋಟೋ ಇಡೋಣ."

ಆಗ ಹಾಯಕ್ಕನಿಗೆ ಬಂದ ಕೋಪದ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಅಣ್ಣನ ಕಡೆ ಒಮ್ಮೆ ತಿರುಗಿ, "ನೀನು ಸುಮ್ನಿರು" ಎಂದಳು. ಆಮೇಲೆ ಮ್ಯಾನೇಜರನಿಗೆ ಹೇಳಿದಳು:

"ಪಾಪ ಅನ್ನಬೇಡಿ. ನನ್ನ ಗಂಡ ಬದುಕಿ ಮನೇಲಿ ಪೇಪರ್ ಓದ್ತಾ ಕೂತಿದ್ರೂ ನಾನು ಬಂದು ಇದನ್ನೇ ಕೇಳ್ತಿದ್ದೆ. ನನಗೆ ಸಮಾಧಾನ ಬೇಡ, ಫೋಟೋ ಬೇಡ. ಅಲ್ಲಿ ಕೆಲಸ ತಪ್ಪಾಗಿದೆ. ತಪ್ಪಾಗಿದೆ ಅಂತ ಸರಿಮಾಡಿ. ವಿಧವೆ ಅತ್ತಳು ಅಂತ ಬೇಡ."

"ತಪ್ಪು ಅಂತ ನೀವೊಬ್ಬರೇ ಹೇಳ್ತಿರೋದು."

"ಹಾಗಾ? ಬನ್ನಿ ಕೆಳಗೆ."

ಹಾಲ್‌ನಲ್ಲಿ ಆ ಹೊತ್ತಿಗೆ ಪಾಳಿ ಮುಗಿಸಿ ಬಂದ ದೋಣಿ ಕೆಲಸದವರು ಐದಾರು ಜನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ದಿನವೂ ಅಲ್ಲೇ ಕೂರುವವರು, ಪೆಟ್ಟಿಗೆಯ ಕಡೆ ತಿರುಗಿಯೂ ನೋಡಿದವರಲ್ಲ. ಹಾಯಕ್ಕ ಅವರನ್ನು ಕರೆದು, "ಗಾಳಿ ಜಾಸ್ತಿ ಆಯ್ತು ಅಂದ್ಕೊಳ್ಳಿ. ಈ ದೊಡ್ಡ ಹಾಯಿ ಹೇಗೆ ಇಳಿಸ್ತೀರಿ, ಸಾಹೇಬ್ರಿಗೆ ತೋರಿಸಿ," ಎಂದಳು.

ಅವರಲ್ಲಿ ಹಿರಿಯನೊಬ್ಬ ಕನ್ನಡಕ ಏರಿಸಿ, ಗಾಜಿನ ಮೇಲೆ ಬೆರಳಿಟ್ಟು ಹಗ್ಗದ ಜಾಡು ಹಿಡಿದ. ಬೆರಳು ಕಂಬದ ನಡುವಿಗೆ ಬಂದು ನಿಂತಿತು. "ಅರೆ, ಮುಂದಕ್ಕೆ ಎಲ್ಲಿ ಹೋಯ್ತಿದು?" ಎಂದ.

"ಎಲ್ಲಿಗೂ ಹೋಗಲ್ಲ," ಎಂದ ಇನ್ನೊಬ್ಬ. "ಬಾವುಟ ನೋಡಣ್ಣ. ಹಾಯಿ ಆ ಕಡೆ ಹೋಗ್ತೈತೆ, ಬಾವುಟ ಮನೆಗೆ ವಾಪಸ್ ಹೋಗ್ತೈತೆ!"

ನಗು ಹಾಲ್ ತುಂಬಿತು. ಟಿಕೆಟ್ ಸಾಲಿನಲ್ಲಿದ್ದವರೂ ಬಂದು ಇಣುಕಿದರು. "ಈ ಕಂಪನಿಯವರಿಗೆ ಹಡಗು ಗೊತ್ತಿಲ್ವಾ?" ಎಂದು ಯಾರೋ ಒಬ್ಬರು ಸಹಜವಾಗಿಯೇ ಕೇಳಿದರು. ಮ್ಯಾನೇಜರನ ಕಿವಿ ಕೆಂಪಾದವು. ಅವನು ಹಾಯಕ್ಕನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ, "ಎಷ್ಟು ದಿನ ಬೇಕು?" ಎಂದ.

"ಹನ್ನೆರಡು. ಇಲ್ಲೇ ಕೂತು ಮಾಡ್ತೀನಿ. ಒಳಗೆ ತಗೊಂಡು ಹೋದ್ರೆ ಮತ್ತೆ ಯಾರು ಫಿನಿಶಿಂಗ್ ಕೊಡ್ತಾರೋ."

ಹಾಗೆ ಹಾಲ್‌ನ ಕಿಟಕಿಯ ಬಳಿ ಒಂದು ಮೇಜು ಬಂತು. ಉಗುರಿನ ಬಣ್ಣ ತೆಗೆಯುವ ದ್ರವವನ್ನು ಹತ್ತಿಯಲ್ಲಿ ಅದ್ದಿ, ಅಂಟಿನ ಒಂದೊಂದೇ ಹನಿಯನ್ನು ಮೆತ್ತಗೆ ಮಾಡಿ ಕಿತ್ತಳು. ಹಳೆಯ ಹಾಯಿಗಳು ಸತ್ತೇಹೋಗಿದ್ದವು. ಬಣ್ಣ ಕುಡಿದ ಬಟ್ಟೆ ಮಡಚಿದರೆ ಮುರಿಯುತ್ತಿತ್ತು. ಮನೆಯಿಂದ ಇನ್ನೊಂದು ದಿಂಬಿನ ಚೀಲ ತಂದು ಹೊಸದಾಗಿ ಕತ್ತರಿಸಿದಳು.

ಮೂರನೆಯ ದಿನ ಅಲಂಕಾರದ ಹುಡುಗಿ ಬಂದು ಮೇಜಿನ ಪಕ್ಕ ನಿಂತಳು. "ನಾನೇ ಅಂಟಿಸಿದ್ದು ಆಂಟಿ. ಹಗ್ಗ ಎಲ್ಲಾ ಸುಮ್ನೆ ಅಲಂಕಾರಕ್ಕೆ ಇರುತ್ತೆ ಅಂದ್ಕೊಂಡಿದ್ದೆ."

"ಕೇಳಬೇಕಿತ್ತು."

"ಹೂಂ. ತಪ್ಪಾಯ್ತು."

ಅಷ್ಟೂ ದಿನಗಳಲ್ಲಿ ತಪ್ಪಾಯ್ತು ಎಂದವಳು ಅವಳೊಬ್ಬಳೇ. ಹಾಯಕ್ಕ ಅವಳನ್ನು ಇನ್ನೂ ಎರಡು ಮಾತು ಬಯ್ದು, ಆಮೇಲೆ ದಾರಕ್ಕೆ ಮೇಣ ಹಚ್ಚಲು ಕೊಟ್ಟಳು. ಹುಡುಗಿಯ ಕೈ ಚೆನ್ನಾಗಿತ್ತು. ಅದು ಹಾಯಕ್ಕನಿಗೆ ಇನ್ನಷ್ಟು ಸಿಟ್ಟು ತರಿಸಿತು. ಇಂಥ ಕೈಯಿಟ್ಟುಕೊಂಡು ಅಂಟು ಹಾಕುತ್ತಾರೆಯೇ!

ಹನ್ನೆರಡು ಹೋಗಿ ಹದಿನಾಲ್ಕು ದಿನವಾಯಿತು. ಕೊನೆಯ ದಿನ ದೋಣಿ ಕೆಲಸದ ಹಿರಿಯ ಬಂದು ಕೇಳದೆಯೇ ಸುತ್ತು ಬಿಚ್ಚಿದ. ಹಾಯಿ ಇಳಿಯಿತು. ಅವನು ಮತ್ತೆ ಏರಿಸಿ, ಗೂಟಕ್ಕೆ ಸುತ್ತಿ, "ಹಾಂ, ಇದು ಹಡಗು" ಎಂದು ತನ್ನ ಬೆಂಚಿಗೆ ಹೋಗಿ ಮಲಗಿದ. ಮ್ಯಾನೇಜರ್ ಪೆಟ್ಟಿಗೆಗೆ ಬೀಗ ಹಾಕಿ, ಥ್ಯಾಂಕ್ಸ್ ಎಂದನೇ ಹೊರತು ತಪ್ಪಾಯಿತು ಎನ್ನಲಿಲ್ಲ. ಹಾಯಕ್ಕ ಅದನ್ನು ಗಮನಿಸಿದಳು. ಈಗಲೂ ಯಾರಾದರೂ ಕೇಳಿದರೆ ಮೊದಲು ಹೇಳುವುದು ಅದನ್ನೇ.

ಆಮೇಲೆ ಅವಳು ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡಳು. ಬಡಗಿ ಕೂಡ ತಿಂಗಳೊಳಗೆ ಯಜಮಾನನನ್ನು ಬಿಟ್ಟು, ತಾನು ಕೆತ್ತಿದ ಒಡಲುಗಳನ್ನು ನೇರವಾಗಿ ಅವಳಲ್ಲಿಗೆ ತರತೊಡಗಿದ. ಒಂದು ಸಂಜೆ ಯಜಮಾನನೇ ಬಾಗಿಲಿಗೆ ಬಂದ.

"ಇನ್ನೂ ಕೋಪ ಹೋಗಿಲ್ವೇನಮ್ಮ? ಎಷ್ಟು ದಿನ ಅಂತ?"

"ಹೋಗಿಲ್ಲ. ಹೋಗೋದೂ ಬೇಡ. ಒಳಗೆ ಬನ್ನಿ, ಕಾಫಿ ಕುಡೀರಿ."

ಅವನು ಬಂದು ಕೂತ, ಅಣ್ಣನ ಆರೋಗ್ಯ ವಿಚಾರಿಸಿದ, ಕಾಫಿ ಕುಡಿದ, ಮೇಜಿನ ಮೇಲಿದ್ದ ಅರ್ಧ ಕಟ್ಟಿದ ದೋಣಿಯನ್ನು ಕದ್ದು ಕದ್ದು ನೋಡಿದ. ಕೆಲಸಕ್ಕೆ ವಾಪಸ್ ಬಾ ಎಂದು ಕೇಳುವ ಧೈರ್ಯ ಬರದೆ, ಬಂದ ಹಾಗೆಯೇ ಎದ್ದು ಹೋದ. ಹಾಯಕ್ಕ ಲೋಟ ತೊಳೆದಿಟ್ಟು, ಬಡಗಿ ಅಂದು ತಂದಿದ್ದ ಕಂಬವನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದಳು. ಕೂದಲೆಳೆಯಷ್ಟು ಸೊಟ್ಟಗಿತ್ತು.

"ನಾಳೆ ಬರಲಿ ಆ ಬಡಗಿ," ಎಂದಳು ಅಣ್ಣನಿಗೆ.