ಎಚ್ಚರವಾಗದ ಕಾರುಗಳು

ಮಳವಳ್ಳಿಯ ಮೆಕ್ಯಾನಿಕ್ ಮಹದೇವು ಮಂಜು ಕರಗುವ ಮೊದಲೇ ನಮ್ಮ ಕಾರಿನ ಹೊಗೆ ನೋಡಲು ಮನೆಗೆ ಬಂದ. ರಾತ್ರಿಯೆಲ್ಲ ತಣ್ಣಗಾದ ಇಂಜಿನ್ನೇ ನಿಜ ಹೇಳುವುದು ಅಂತ ಅವನ ನಂಬಿಕೆ. ಕಾರು ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದ. ಹಸಿ ಪೆಟ್ರೋಲಿನ ವಾಸನೆ ಮಂಜಿನೊಳಗೆ ತೇಲುತ್ತಲೇ ಇತ್ತು.

“ಹೊಗೆ ಶುದ್ಧ ಮಾಡೋ ಕನ್ವರ್ಟರ್ ಸತ್ತೋಗಿದೆ, ನೀನು ನಿದ್ದೆ ಮಾಡ್ತಿದೀಯೇನಯ್ಯಾ?” ಎಂದು ರೇಗಿದೆ.

“ಸತ್ತಿಲ್ಲ ಕಣಕ್ಕ, ಕಾದ್ರೇನೇ ಅದು ಕೆಲ್ಸ ಮಾಡೋದು, ಅದುಕ್ಕೆ ಬಿಸಿನೇ ತಾಕಿಲ್ಲ. ಇಂಜಿನ್ ಬೇಗ ಕಾಯ್ಲಿ ಅಂತ ನೀರು ತಡ್ಯೋ ವಾಲ್ವೇ ಇಲ್ಲ.”

“ಯಾವನು ಕಿತ್ತಿದ್ದು?”

“ನಾನೇ. ಬ್ಯಾಸ್ಗೇಲಿ ಮುತ್ತತ್ತಿ ಕಾಡಿನ ಏರಿಳಿವಲ್ಲಿ ಓಗೋ ಕಾರು ಬಿಸಿಯಾಗ್ದೆ ಇರ್ಲಿ ಅಂತ ಊರಿನ ಎಲ್ಲಾ ಕಾರಲ್ಲೂ ಕಿತ್ತಾಕಿದ್ದೆ, ನಿಮ್ದೂ ಸೇರಿ.”

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ರಸ್ತೆಯಲ್ಲಿ ಊರಿನ ಕಾರುಗಳು ಮಂಜಿನೊಳಗೆ ಒಂದೊಂದಾಗಿ ತೇಲಿಹೋದವು, ಒಂದೊಂದರ ಹಿಂದೆಯೂ ಅದೇ ಹಸಿ ವಾಸನೆ. ಮಹದೇವು ಕಣ್ಣು ತೆರೆಯಲೇ ಇಲ್ಲ.